ಅನ್ನ ಬಿಟ್ಟರೂ ಇಳಿಯದ ಶುಗರ್

ಶಿಕಾರಿಪುರ, ಸೊರಬದ ಕಡೆ ಯಾವುದೇ ಊರಿನ ಕಟ್ಟೆಯ ಮೇಲೆ ಶುಗರ್ ಮಾತು ತೆಗೆಯಿರಿ, ಮೂರು ದೂರುಗಳು ತಾವಾಗಿಯೇ ಬರುತ್ತವೆ. "ಡಾಕ್ಟ್ರು ಅನ್ನ ಬಿಡಿ ಅಂದ್ರು, ಬಿಟ್ಟೆ. ಈಗ ಬರೀ ಜೋಳದ ರೊಟ್ಟಿ. ಶುಗರ್ ಮಾತ್ರ ಇಳೀಲಿಲ್ಲ" ಎನ್ನುವುದು ಮೊದಲನೆಯದು. "ರಾತ್ರಿ ಊಟಾನೇ ಮಾಡದೆ ಮಲಗಿದ್ದೆ. ಬೆಳಿಗ್ಗೆ ಎದ್ದು ನೋಡಿದ್ರೆ ಮಲಗುವಾಗ ಇದ್ದದ್ದಕ್ಕಿಂತ ಜಾಸ್ತಿ!" ಎನ್ನುವುದು ಎರಡನೆಯದು. "ಖಾಲಿ ಹೊಟ್ಟೇಲಿ 118 ಇತ್ತು, ಪರವಾಗಿಲ್ಲ ಅಂದ್ಕೊಂಡಿದ್ದೆ. ಮೂರು ತಿಂಗಳ ಟೆಸ್ಟ್ ಮಾಡ್ಸಿದ್ರೆ 8 ಬಂತು" ಎನ್ನುವುದು ಮೂರನೆಯದು.

ದೂರುಗಳ ಬೆನ್ನಿಗೇ ಎರಡು ಪಕ್ಷಗಳಾಗುತ್ತವೆ. ಗುಳಿಗೆ ನುಂಗುತ್ತಾ ಹೋದರೆ ಗುಳಿಗೆಗಳ ಸಂಖ್ಯೆ ಬೆಳೆಯುವುದೇ ಹೊರತು ಕಾಯಿಲೆ ಹೋಗುವುದಿಲ್ಲ, ಪಥ್ಯ ಮಾಡಿ, ಮನೆಯಲ್ಲೇ ಮೀಟರ್ ಇಟ್ಟುಕೊಂಡು ನೋಡಿಕೊಳ್ಳಿ ಎನ್ನುತ್ತದೆ ಒಂದು ಪಕ್ಷ. ಓದಿದವರು ಹೇಳಿದ್ದನ್ನು ಕೇಳಿ, ಸ್ವಂತ ವೈದ್ಯ ಬೇಡ ಎನ್ನುತ್ತದೆ ಇನ್ನೊಂದು. ಇಬ್ಬರ ಮಾತಿನಲ್ಲೂ ಅರ್ಧ ಸತ್ಯವಿದೆ. ಯಾವ ಅರ್ಧ ಯಾರದ್ದು ಎಂದು ತಿಳಿಯಬೇಕಾದರೆ ತಟ್ಟೆಯಿಂದ ರಕ್ತದವರೆಗೆ ಸಕ್ಕರೆ ಹೋಗುವ ದಾರಿಯನ್ನು ಒಮ್ಮೆ ನಡೆದು ನೋಡಬೇಕು.

ಐದು ಲೀಟರಿನಲ್ಲಿ ಐದು ಗ್ರಾಂ

ದೊಡ್ಡವರ ಮೈಯಲ್ಲಿ ಹರಿಯುವ ರಕ್ತ ಸುಮಾರು ಐದು ಲೀಟರ್. ಶುಗರ್ 100 ಎಂದರೆ ಪ್ರತಿ 100 ಎಂಎಲ್ ರಕ್ತದಲ್ಲಿ 100 ಮಿಲಿಗ್ರಾಂ ಗ್ಲೂಕೋಸ್ ಇದೆ ಎಂದರ್ಥ. ಗುಣಿಸಿ ನೋಡಿದರೆ ಇಡೀ ರಕ್ತದಲ್ಲಿರುವುದು ಬರೀ ಐದು ಗ್ರಾಂ, ಒಂದು ಟೀ ಚಮಚ. ಶುಗರ್ 200 ಆದರೆ ಹತ್ತು ಗ್ರಾಂ. ಆರೋಗ್ಯಕ್ಕೂ ಕಾಯಿಲೆಗೂ ನಡುವೆ ಇರುವುದು ಒಂದು ಚಮಚದ ಅಂತರ.

ಈಗ ತಟ್ಟೆಯ ಲೆಕ್ಕ. ಗದ್ದೆ ಕೆಲಸ ಮಾಡಿ ಬಂದವರಿಗೆ 300 ಗ್ರಾಂ ಅನ್ನ ಹೆಚ್ಚೇನಲ್ಲ. ಅದಕ್ಕೆ ಬೇಕಾದ ಅಕ್ಕಿ ನೂರು ಗ್ರಾಮಿನ ಆಸುಪಾಸು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಹೊರತಂದ ಆಹಾರ ಕೋಷ್ಟಕದ ಪ್ರಕಾರ 100 ಗ್ರಾಂ ಬಿಳಿ ಅಕ್ಕಿಯಲ್ಲಿ ಸುಮಾರು 78 ಗ್ರಾಂ ಪಿಷ್ಟವಿದೆ. ಪಿಷ್ಟವೆಂದರೆ ಗ್ಲೂಕೋಸಿನ ಕಣಗಳು ಕೈಕೈ ಹಿಡಿದು ನಿಂತ ಉದ್ದನೆಯ ಸಾಲು. ಬಾಯಿಯಿಂದ ಕರುಳಿನವರೆಗೆ ಜೀರ್ಣರಸಗಳು ಮಾಡುವ ಕೆಲಸ ಆ ಕೈಗಳನ್ನು ಬಿಡಿಸುವುದು. ಅಂದರೆ ಒಂದು ಚಮಚ ಸಕ್ಕರೆ ಇರುವ ರಕ್ತಕ್ಕೆ, ಒಂದೇ ಊಟದಿಂದ, ಎರಡು ಮೂರು ತಾಸಿನೊಳಗೆ ಹದಿನೈದು ಹದಿನಾರು ಚಮಚ ಬಂದು ಸೇರುತ್ತದೆ.

ಮೊದಲ ದೂರಿಗೆ ಉತ್ತರ ಇಲ್ಲಿಯೇ ಸಿಗುತ್ತದೆ. ಅದೇ ಕೋಷ್ಟಕದಲ್ಲಿ 100 ಗ್ರಾಂ ಜೋಳಕ್ಕೆ ಸುಮಾರು 68, ರಾಗಿಗೆ 67, ಗೋಧಿ ಹಿಟ್ಟಿಗೆ 64 ಗ್ರಾಂ. ಶಿಕಾರಿಪುರದ ಬಡಗಣಕ್ಕೆ, ಹಿರೇಕೆರೂರಿನ ಕಡೆಗೆ ಹೋದಂತೆ ಬಡಿಯುವ ರೊಟ್ಟಿ ದೊಡ್ಡದಾಗುತ್ತದೆ. ಒಂದು ರೊಟ್ಟಿಗೆ 50 ಗ್ರಾಂ ಹಿಟ್ಟು ಹಿಡಿದರೂ ಮೂರು ರೊಟ್ಟಿಗೆ 150 ಗ್ರಾಂ, ಪಿಷ್ಟ ನೂರು ಗ್ರಾಂ! ಬಿಟ್ಟ ಅನ್ನಕ್ಕಿಂತ ಹೆಚ್ಚಾಯಿತು. ಜೋಳದ ನಾರು ಪಿಷ್ಟವನ್ನು ಸ್ವಲ್ಪ ನಿಧಾನವಾಗಿ ಒಳಗೆ ಬಿಡುತ್ತದೆ, ಅಷ್ಟು ಲಾಭ ಉಂಟು. ಒಟ್ಟು ಮೊತ್ತ ಮಾತ್ರ ಇಳಿಯಲಿಲ್ಲ.

ಹಾಗಿದ್ದರೆ ಇನ್ನೊಂದು ಪ್ರಶ್ನೆ ಏಳುತ್ತದೆ. 80 ಗ್ರಾಂ ಗ್ಲೂಕೋಸ್ ಐದು ಲೀಟರ್ ರಕ್ತದಲ್ಲೇ ನಿಂತುಬಿಟ್ಟರೆ ಶುಗರ್ 1,600 ದಾಟಬೇಕು. ಆರೋಗ್ಯವಂತರು ಅಷ್ಟೇ ಅನ್ನ ಉಂಡು ಎರಡು ತಾಸಿನ ನಂತರ ನೋಡಿದರೆ 140ರ ಒಳಗೇ ಇರುತ್ತದೆ. ಬಂದದ್ದೆಲ್ಲ ಎಲ್ಲಿಗೆ ಹೋಯಿತು?

ಕೆರೆ, ತೂಬು, ನೀರುಗಂಟಿ

ಈ ಎರಡು ತಾಲ್ಲೂಕಿನವರಿಗೆ ಇದನ್ನು ವಿವರಿಸುವುದು ಸುಲಭ, ಇದು ಕೆರೆಗಳ ನಾಡು. ಶಿಕಾರಿಪುರ ತಾಲ್ಲೂಕಿನ ತಾಳಗುಂದದಲ್ಲಿ ಪ್ರಣವೇಶ್ವರ ದೇವಾಲಯದ ಮುಂದೆ ನಿಂತಿರುವ ಐದನೇ ಶತಮಾನದ ಕಂಬದ ಶಾಸನ ಹೇಳುವ ಸಂಗತಿಗಳಲ್ಲಿ ಒಂದು, ಕದಂಬರ ಕಾಕುತ್ಸ್ಥವರ್ಮ ಅಲ್ಲಿ ಕೆರೆ ಕಟ್ಟಿಸಿದ್ದು.

ರಕ್ತವನ್ನು ಒಂದು ಚಿಕ್ಕ ಕೆರೆ ಎಂದುಕೊಳ್ಳಿ. ಊಟ ಎಂದರೆ ಮಳೆ. ಕೆರೆಗೆ ತೂಬು ಇದೆ, ತೂಬಿನಿಂದ ಕಾಲುವೆ, ಕಾಲುವೆಯ ಕೊನೆಗೆ ಗದ್ದೆ. ದೇಹದಲ್ಲಿ ಗದ್ದೆಯ ಜಾಗದಲ್ಲಿರುವುದು ಮುಖ್ಯವಾಗಿ ಸ್ನಾಯುಗಳು: ತೊಡೆ, ಮೀನಖಂಡ, ಬೆನ್ನು, ತೋಳು. ಗ್ಲೂಕೋಸನ್ನು ಉರಿಸುವವರು ಅವರು, ಕೂಡಿಡುವವರೂ ಅವರು. ತೂಬು ಎತ್ತುವ ನೀರುಗಂಟಿ ಇನ್ಸುಲಿನ್. ಹೊಟ್ಟೆಯ ಹಿಂಭಾಗದ ಮೇದೋಜೀರಕ ಗ್ರಂಥಿ ಅವನನ್ನು ಕಳಿಸುತ್ತದೆ. ಮಳೆ ಬಿದ್ದ ಕೂಡಲೇ ನೀರುಗಂಟಿ ಓಡಿ ಬಂದು ತೂಬು ಎತ್ತಿದರೆ, ಕಾಲುವೆ ಸ್ವಚ್ಛವಾಗಿದ್ದರೆ, ಎಂಥ ಮಳೆಗೂ ಕೆರೆ ಸ್ವಲ್ಪ ಏರಿ ಇಳಿಯುತ್ತದೆ.

ನಮ್ಮಲ್ಲಿ ಬಹುಪಾಲು ಜನರಿಗೆ ಬರುವ, ಎರಡನೇ ಬಗೆ ಎಂದು ಕರೆಯುವ ಸಕ್ಕರೆ ಕಾಯಿಲೆಯಲ್ಲಿ ಕೆಡುವುದು ಮೊದಲು ಕಾಲುವೆ. ಅದರಲ್ಲಿ ಹೂಳು ತುಂಬುತ್ತದೆ. ಈ ಹೂಳು ಯಕೃತ್ತು ಮತ್ತು ಸ್ನಾಯುಗಳ ಒಳಗೆ, ಇರಬಾರದ ಕಡೆ ಸೇರಿಕೊಂಡ ಕೊಬ್ಬು. ನೀರುಗಂಟಿ ತೂಬು ಎತ್ತುತ್ತಾನೆ, ನೀರು ಮುಂದಕ್ಕೆ ಹೋಗುವುದಿಲ್ಲ. ಇನ್ನಷ್ಟು ನೀರುಗಂಟಿಗಳು ಬರುತ್ತಾರೆ. ವರ್ಷಗಟ್ಟಲೆ ಹೀಗೆ ದುಡಿದು ಕೊನೆಗೆ ಅವರ ಸಂಖ್ಯೆಯೇ ಕಡಿಮೆಯಾಗುತ್ತದೆ. ಮೊದಲನೇ ಬಗೆಯ ಕಾಯಿಲೆ ಬೇರೆ. ಅದು ಹೆಚ್ಚಾಗಿ ಮಕ್ಕಳಿಗೆ, ಹದಿಹರೆಯದವರಿಗೆ ಬರುತ್ತದೆ. ಅಲ್ಲಿ ಕಾಲುವೆ ಸರಿಯಿರುತ್ತದೆ, ನೀರುಗಂಟಿಯೇ ಇರುವುದಿಲ್ಲ. ಅವರಿಗೆ ಇನ್ಸುಲಿನ್ ಚುಚ್ಚುಮದ್ದು ಉಸಿರಿನಷ್ಟೇ ಅಗತ್ಯ, ಅದನ್ನು ಯಾವ ಪಥ್ಯವೂ ಬದಲಿಸಲಾರದು.

ಎರಡನೇ ದೂರಿಗೂ ಈ ಕೆರೆಯಲ್ಲಿ ಉತ್ತರವಿದೆ. ನಮ್ಮ ಸೀಮೆಯ ಕೆರೆಗಳು ಒಂಟಿಯಾಗಿರುವುದು ಕಡಿಮೆ, ಮೇಲಿನ ಕೆರೆಯ ನೀರು ಕೆಳಗಿನ ಕೆರೆಗೆ ಬರುತ್ತದೆ. ದೇಹದ ಮೇಲಿನ ಕೆರೆ ಯಕೃತ್ತು. ಹಗಲು ಉಂಡದ್ದರಲ್ಲಿ ಒಂದಷ್ಟನ್ನು ಕೂಡಿಟ್ಟುಕೊಂಡು, ರಾತ್ರಿ ನಾವು ಉಪವಾಸವಿದ್ದಾಗ ಅದು ಸ್ವಲ್ಪ ಸ್ವಲ್ಪವೇ ಬಿಡುತ್ತದೆ. ಮಿದುಳಿಗೆ ನಿದ್ದೆಯಲ್ಲೂ ಗ್ಲೂಕೋಸ್ ಬೇಕಲ್ಲ! ಇನ್ಸುಲಿನ್ನಿನ ಇನ್ನೊಂದು ಕೆಲಸ ಈ ಮೇಲಿನ ತೂಬನ್ನು ಹಿಡಿತದಲ್ಲಿಡುವುದು. ಆ ಹಿಡಿತ ಸಡಿಲಾದವರಲ್ಲಿ, ಬೆಳಗಿನ ಜಾವ ದೇಹವನ್ನು ಎಬ್ಬಿಸುವ ಹಾರ್ಮೋನುಗಳು ಹರಿದಾಗ, ಮೇಲಿನ ಕೆರೆಯಿಂದ ಬೇಕಾದ್ದಕ್ಕಿಂತ ಹೆಚ್ಚು ನೀರು ಬರುತ್ತದೆ. ಊಟ ಬಿಟ್ಟು ಮಲಗಿದವರ ಬೆಳಗಿನ ಶುಗರ್ ಏರುವುದು ಹೀಗೆ. ಅದು ನಿನ್ನೆ ರಾತ್ರಿಯ ತಟ್ಟೆಯಿಂದ ಬಂದದ್ದಲ್ಲ, ಯಕೃತ್ತಿನಿಂದ ಬಂದದ್ದು.

ಕೋಡಿ ನೋಡಿ ಕೆರೆ ಅಳೆದ ಕಾಲ

ಕೆರೆ ಅಂದಮೇಲೆ ಕೋಡಿ ಇರಲೇಬೇಕು. ದೇಹದ ಕೋಡಿ ಮೂತ್ರಪಿಂಡ. ರಕ್ತದ ಗ್ಲೂಕೋಸ್ ಸುಮಾರು 180 ದಾಟುವವರೆಗೆ ಅದು ಸೋಸಿದ ಸಕ್ಕರೆಯನ್ನೆಲ್ಲ ವಾಪಸು ರಕ್ತಕ್ಕೆ ಸೇರಿಸುತ್ತದೆ. ದಾಟಿದ ಮೇಲೆ ಕೈಮೀರಿ ಮೂತ್ರದಲ್ಲಿ ಹರಿಯುತ್ತದೆ. ಮೂತ್ರ ಹೊಯ್ದ ಜಾಗಕ್ಕೆ ಇರುವೆ ಮುತ್ತಿದರೆ ಸಿಹಿಮೂತ್ರ ಎಂದು ಹಿರಿಯರು ಗುರುತಿಸುತ್ತಿದ್ದುದು ಕೋಡಿ ಬಿದ್ದ ನೀರನ್ನು.

ಪ್ರಯೋಗಶಾಲೆಯ ಹಳೆಯ ಪರೀಕ್ಷೆಯೂ ಅದೇ. ಗಾಜಿನ ಕೊಳವೆಯಲ್ಲಿ ಐದು ಎಂಎಲ್ ಬೆನೆಡಿಕ್ಟ್ ದ್ರಾವಣ, ಮೈಲುತುತ್ತದ ನೀಲಿ. ಅದಕ್ಕೆ ಎಂಟು ಹನಿ ಮೂತ್ರ ಹಾಕಿ ಕುದಿಸಬೇಕು. ನೀಲಿಯೇ ಉಳಿದರೆ ಸಕ್ಕರೆ ಇಲ್ಲ. ಹಸಿರಾದರೆ ಚೂರು, ಹಳದಿಯಾದರೆ ಇನ್ನಷ್ಟು, ಕಿತ್ತಳೆ, ಕೊನೆಗೆ ಇಟ್ಟಿಗೆಯ ಕೆಂಪು. ದಶಕಗಳ ಕಾಲ ರೋಗಿಯ ಪಥ್ಯ, ಔಷಧ ಎರಡೂ ಈ ಬಣ್ಣದ ಮೇಲೆ ನಿಂತಿದ್ದವು. ಕೆರೆ ಕೋಡಿ ಹರಿಯುವ ಮಟ್ಟಕ್ಕಿಂತ ಕೆಳಗೆ ಎಷ್ಟು ಏರಿತ್ತು, ಎಷ್ಟು ಹೊತ್ತು ಏರಿತ್ತು ಎನ್ನುವುದು ಆ ಬಣ್ಣದಲ್ಲಿ ಕಾಣುವುದಿಲ್ಲ. ಕೆರೆ ಬತ್ತುವ ಮಟ್ಟಕ್ಕೆ ಇಳಿದರೂ ಬಣ್ಣ ನೀಲಿಯೇ. ಕಣ್ಣಿನ ಹಿಂಪೊರೆ, ಮೂತ್ರಪಿಂಡ, ಕಾಲಿನ ನರಗಳು ಮಾತ್ರ ಕಾಣದ ಈ ಏರಿಳಿತದಲ್ಲೇ ಸವೆಯುತ್ತಿದ್ದವು.

ರೋಗಿಯ ಕೈಗೆ ಬಂದ ಮೀಟರ್

ರಕ್ತದ ಒಂದು ಹನಿಯಲ್ಲೇ ಗ್ಲೂಕೋಸ್ ಅಳೆಯುವ ಯಂತ್ರ ಅಮೆರಿಕದ ಮಾರುಕಟ್ಟೆಗೆ ಬಂದದ್ದು 1970ರ ಆಸುಪಾಸಿನಲ್ಲಿ. ಹೆಚ್ಚೂಕಡಿಮೆ ಒಂದೂವರೆ ಕಿಲೋ ತೂಕ, 650 ಡಾಲರ್ ಬೆಲೆ. ಅದನ್ನು ಮಾಡಿದ್ದು ಆಸ್ಪತ್ರೆಗಳಿಗಾಗಿ, ರೋಗಿಗಳಿಗೆ ಮಾರುತ್ತಿರಲಿಲ್ಲ. ರಿಚರ್ಡ್ ಬರ್ನ್‌ಸ್ಟೈನ್ ಎಂಬ ಎಂಜಿನಿಯರಿಗೆ ಹನ್ನೆರಡನೇ ವಯಸ್ಸಿನಲ್ಲಿ, 1946ರಲ್ಲಿ, ಮೊದಲನೇ ಬಗೆಯ ಕಾಯಿಲೆ ಬಂದಿತ್ತು. ವೈದ್ಯರು ಹೇಳಿದ್ದನ್ನೆಲ್ಲ ಪಾಲಿಸಿಯೂ ಮೂವತ್ತರ ಹರೆಯದಲ್ಲೇ ಅಂಗಾಂಗಗಳು ಸೋಲತೊಡಗಿದ್ದವು. ಹೆಂಡತಿ ವೈದ್ಯೆ. ಆಕೆಯ ಹೆಸರಿನಲ್ಲಿ ಯಂತ್ರ ತರಿಸಿ, ದಿನಕ್ಕೆ ಹಲವು ಸಲ ಬೆರಳು ಚುಚ್ಚಿಕೊಂಡು, ಯಾವ ಆಹಾರ ಎಷ್ಟು ಏರಿಸುತ್ತದೆ, ಎಷ್ಟು ಇನ್ಸುಲಿನ್ ಎಷ್ಟು ಇಳಿಸುತ್ತದೆ ಎಂದು ಬರೆಯುತ್ತಾ ಹೋದರು. ದಿನದ ಪಿಷ್ಟವನ್ನು 30 ಗ್ರಾಮಿಗೆ ಇಳಿಸಿದರು. ಶುಗರ್ ಸಮಕ್ಕೆ ಬಂತು.

ಆ ಅನುಭವವನ್ನು ಬರೆದು ಕಳಿಸಿದರೆ ವೈದ್ಯಕೀಯ ಪತ್ರಿಕೆಗಳು ತಿರಸ್ಕರಿಸಿದವು. ಡಾಕ್ಟರ್ ಅಲ್ಲದವನ ಮಾತು ಯಾರು ಕೇಳಬೇಕು? ನಲವತ್ತೈದರಲ್ಲಿ ಅವರು ಮೆಡಿಕಲ್ ಕಾಲೇಜಿಗೆ ಸೇರಿ, 1983ರಲ್ಲಿ ಡಾಕ್ಟರಾಗಿ ಹೊರಬಂದರು. 2025ರಲ್ಲಿ ತೀರಿಕೊಂಡಾಗ ವಯಸ್ಸು ತೊಂಬತ್ತು.

ಅಧಿಕೃತ ವೈದ್ಯಕೀಯ ನಿಧಾನವಾಗಿಯಾದರೂ ಆ ದಾರಿಗೆ ಬಂತು. ಮೊದಲನೇ ಬಗೆಯ ಕಾಯಿಲೆಯ 1,441 ಜನರನ್ನು ಸರಾಸರಿ ಆರೂವರೆ ವರ್ಷ ಅನುಸರಿಸಿದ ಅಮೆರಿಕ-ಕೆನಡಾದ ದೊಡ್ಡ ಅಧ್ಯಯನದ ಫಲ 1993ರಲ್ಲಿ ಹೊರಬಿತ್ತು. ಪದೇ ಪದೇ ಅಳೆದು, ಅದಕ್ಕೆ ತಕ್ಕಂತೆ ಇನ್ಸುಲಿನ್ ಹೊಂದಿಸಿಕೊಂಡವರಲ್ಲಿ ಕಣ್ಣಿನ ಹಾನಿ ಹೊಸದಾಗಿ ಶುರುವಾಗುವ ಅಪಾಯ 76 ಪ್ರತಿಶತ ಕಡಿಮೆಯಾಗಿತ್ತು. ಅದರ ಜೊತೆಗೇ ಶುಗರ್ ಅಪಾಯಕಾರಿಯಾಗಿ ಕುಸಿಯುವ ಪ್ರಸಂಗಗಳು ಮೂರು ಪಟ್ಟಾಗಿದ್ದವು. ಎರಡೂ ಅಂಕಿಗಳನ್ನು ಒಟ್ಟಿಗೇ ನೆನಪಿಡಬೇಕು.

ಹಾಗಾದರೆ ಎಲ್ಲರೂ ಚುಚ್ಚಿಕೊಳ್ಳಬೇಕೇ?

ಇಲ್ಲಿ ಕಥೆ ತಿರುಗುತ್ತದೆ. ಇನ್ಸುಲಿನ್ ತೆಗೆದುಕೊಳ್ಳದ, ಎರಡನೇ ಬಗೆಯ ರೋಗಿಗಳ ಕೈಗೆ ಮೀಟರ್ ಕೊಟ್ಟು ಇಂಗ್ಲೆಂಡಿನಲ್ಲಿ ಮಾಡಿದ ಅಧ್ಯಯನ 2007ರಲ್ಲಿ ಪ್ರಕಟವಾಯಿತು. ಮೀಟರ್ ಇದ್ದವರಿಗೂ ಇಲ್ಲದವರಿಗೂ ವರ್ಷದ ಕೊನೆಗೆ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ 450 ಜನರ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಅಧ್ಯಯನದ್ದೂ ಅದೇ ಫಲ. ಬರೀ ಗುಳಿಗೆಯ ಮೇಲಿರುವವರು ದಿನಾ ಬೆರಳು ಚುಚ್ಚಿಕೊಳ್ಳುವುದು ಬೇಡ ಎಂದು ಹಲವು ದೇಶಗಳ ವೈದ್ಯರು ಹೇಳುವುದು ಈ ಆಧಾರದ ಮೇಲೆ. ಮೀಟರಿಗೆ ಹಾಕುವ ಒಂದು ಪಟ್ಟಿಗೆ (ಸ್ಟ್ರಿಪ್) ಹತ್ತಿಪ್ಪತ್ತು ರೂಪಾಯಿ ಕೊಡಬೇಕಾದ ನಮ್ಮಲ್ಲಿ ಈ ಮಾತಿಗೆ ಇನ್ನೂ ಹೆಚ್ಚು ತೂಕವಿದೆ.

ಅದೇ ಹೊತ್ತಿಗೆ ಅಮೆರಿಕದ್ದೇ 483 ಜನರ ಇನ್ನೊಂದು ಅಧ್ಯಯನ, 2011ರದ್ದು, ಬೇರೆ ದಾರಿ ಹಿಡಿಯಿತು. ರೋಗಿಗಳು ಮೂರು ತಿಂಗಳಿಗೊಮ್ಮೆ ಸಾಲಾಗಿ ಮೂರು ದಿನ ಮಾತ್ರ, ದಿನಕ್ಕೆ ಏಳು ಸಲ ಅಳೆದರು. ಊಟಕ್ಕೆ ಮುಂಚೆ, ಊಟದ ನಂತರ, ಮಲಗುವಾಗ. ಆ ಹಾಳೆಯನ್ನು ಡಾಕ್ಟರಿಗೆ ತೋರಿಸಿದರು, ಡಾಕ್ಟರು ಅದನ್ನು ನೋಡಿ ಔಷಧ ಬದಲಿಸಿದರು. ಇವರ ಮೂರು ತಿಂಗಳ ಟೆಸ್ಟಿನ ಅಂಕಿ ಉಳಿದವರಿಗಿಂತ ಸುಮಾರು 0.3 ಅಂಶ ಹೆಚ್ಚು ಇಳಿಯಿತು. ದೊಡ್ಡ ಪವಾಡವೇನಲ್ಲ, ನಿಜವಾದ ಲಾಭ.

ಕೆರೆಯ ಏರಿಯ ಮೇಲೆ ಅಳತೆಗೋಲು ನೆಟ್ಟು ದಿನಾ ಮಟ್ಟ ಬರೆದುಕೊಂಡರೆ ನೀರು ಇಳಿಯುವುದಿಲ್ಲ. ಬರೆದದ್ದನ್ನು ನೋಡಿ ಯಾರಾದರೂ ತೂಬು ಮುಟ್ಟಬೇಕು, ಇಲ್ಲವೇ ಹೂಳು ತೆಗೆಯಬೇಕು. ಬರ್ನ್‌ಸ್ಟೈನ್ ಪ್ರತಿ ಅಂಕಿಯ ನಂತರ ಏನನ್ನೋ ಬದಲಿಸುತ್ತಿದ್ದರು. ನಮ್ಮಲ್ಲಿ ಮೀಟರ್ ಕೊಂಡ ಬಹುಪಾಲು ಮನೆಗಳಲ್ಲಿ ಬೆಳಿಗ್ಗೆ ಎದ್ದು ಖಾಲಿ ಹೊಟ್ಟೆಯಲ್ಲಿ ಒಂದು ಸಲ ನೋಡಿ, ಹೆಚ್ಚಿದ್ದರೆ ಬೇಜಾರು, ಕಡಿಮೆಯಿದ್ದರೆ ಒಂದು ಹೋಳಿಗೆ!

ಜೋಡಿ ಪರೀಕ್ಷೆ

ತಟ್ಟೆಯ ಬಗ್ಗೆ ಏನಾದರೂ ತಿಳಿಯಬೇಕಾದರೆ ಒಂದು ಅಂಕಿ ಸಾಲದು, ಎರಡು ಬೇಕು. ಊಟಕ್ಕೆ ಕೂರುವ ಮುಂಚೆ ಒಂದು, ಮೊದಲ ತುತ್ತಿನಿಂದ ಎರಡು ತಾಸಿಗೆ ಇನ್ನೊಂದು. ಎರಡರ ವ್ಯತ್ಯಾಸವನ್ನು ಊಟದ ಏರು ಎನ್ನೋಣ. ಮುಂಚೆ 130, ನಂತರ 230 ಇದ್ದರೆ ಏರು 100, ಆ ತಟ್ಟೆ ಭಾರವಾಯಿತು. ಮುಂಚೆ 170, ನಂತರ 195 ಇದ್ದರೆ ಏರು 25, ತಟ್ಟೆಯದು ತಪ್ಪಿಲ್ಲ, ತೊಂದರೆ ಮೇಲಿನ ಕೆರೆಯಲ್ಲಿದೆ. ಎರಡನೇ ಅಂಕಿ ಮಾತ್ರ ನೋಡಿದ್ದರೆ ಎರಡೂ "ಜಾಸ್ತಿ" ಎಂಬ ಒಂದೇ ಪದದಲ್ಲಿ ಮುಗಿದುಹೋಗುತ್ತಿತ್ತು. ಊಟದ ನಂತರ 180ರ ಒಳಗಿರಲಿ ಎನ್ನುವುದು ಸಾಮಾನ್ಯವಾಗಿ ವೈದ್ಯರು ಕೊಡುವ ಗುರಿ.

ಅಳೆಯುವ ರೀತಿಯೂ ಮುಖ್ಯ. ಹಲಸಿನ ತೊಳೆ ಬಿಡಿಸಿದ, ಜೋನಿ ಬೆಲ್ಲ ಮುಟ್ಟಿದ ಕೈಯನ್ನು ಸೋಪು ಹಾಕಿ ತೊಳೆಯದೆ ಚುಚ್ಚಿದರೆ ಮೀಟರ್ ಹಣ್ಣಿನ ಸಕ್ಕರೆಯನ್ನೂ ಸೇರಿಸಿ ಎಣಿಸುತ್ತದೆ. ತೊಳೆದು, ಒರೆಸಿ ಒಣಗಿಸಿ, ಉಂಗುರ ಬೆರಳಿನ ತುದಿಯ ಮಧ್ಯ ಬಿಟ್ಟು ಪಕ್ಕಕ್ಕೆ ಚುಚ್ಚಿದರೆ ನೋವು ಕಡಿಮೆ. ಹನಿಯನ್ನು ಪಟ್ಟಿಯ ಅಂಚಿಗೆ ತಾಗಿಸಿದರೆ ಅದೇ ಹೀರಿಕೊಳ್ಳುತ್ತದೆ. ಪಟ್ಟಿಯ ಒಳಗೆ ಗ್ಲೂಕೋಸನ್ನು ಮಾತ್ರ ಹುಡುಕಿ ಹಿಡಿಯುವ ಒಂದು ಕಿಣ್ವವಿದೆ. ಅದು ಗ್ಲೂಕೋಸನ್ನು ಒಡೆಯುವಾಗ ಹುಟ್ಟುವ ಅತಿ ಸಣ್ಣ ವಿದ್ಯುತ್ತನ್ನು ಮೀಟರ್ ಎಣಿಸಿ ಅಂಕಿಯಾಗಿ ತೋರಿಸುತ್ತದೆ. ಆ ಕಿಣ್ವಕ್ಕೆ ತೇವ ಆಗದು. ಸೊರಬದ ಜುಲೈ ಮಳೆಯಲ್ಲಿ ಡಬ್ಬಿಯ ಮುಚ್ಚಳ ತೆರೆದಿಟ್ಟರೆ ಪಟ್ಟಿಗಳು ಕೆಟ್ಟುಹೋಗುತ್ತವೆ. ಎಲ್ಲ ಸರಿಯಿದ್ದರೂ ಅಂತಾರಾಷ್ಟ್ರೀಯ ಮಾನದಂಡವೇ ಮೀಟರಿಗೆ 15 ಪ್ರತಿಶತ ಆಚೀಚೆ ಬಿಟ್ಟುಕೊಟ್ಟಿದೆ. ನಿಜವಾದ 200ನ್ನು ಅದು 170 ಎನ್ನಬಹುದು, 230 ಎನ್ನಬಹುದು. ಹತ್ತು ಹದಿನೈದರ ವ್ಯತ್ಯಾಸಕ್ಕೆ ಸಂತೋಷ, ದುಃಖ ಎರಡೂ ಬೇಡ. ಒಂದೇ ತಿಂಡಿಯನ್ನು ಬೇರೆ ಬೇರೆ ದಿನ ಮೂರು ಸಲ ನೋಡಿದರೆ ನಂಬಬಹುದು.

ಹೀಗೆ ನೋಡುವ ಅಗತ್ಯವೇನು, ಕೋಷ್ಟಕ ಇದೆಯಲ್ಲ? ಇಸ್ರೇಲಿನ ವಿಜ್ಞಾನಿಗಳು 800 ಜನರಿಗೆ ವಾರವಿಡೀ ಸಕ್ಕರೆ ಅಳೆಯುವ ಸಾಧನ ಅಂಟಿಸಿ ನೋಡಿದ ಅಧ್ಯಯನ 2015ರಲ್ಲಿ ಬಂತು. ಒಂದೇ ಆಹಾರ ಒಬ್ಬರಲ್ಲಿ ಜೋರಾಗಿ ಏರಿಸಿದರೆ ಇನ್ನೊಬ್ಬರಲ್ಲಿ ಅಲುಗಾಡಿಸಲೂ ಇಲ್ಲ. ಕಾಲುವೆಯ ಹೂಳು, ನೀರುಗಂಟಿಗಳ ಸಂಖ್ಯೆ ಎಲ್ಲರಲ್ಲೂ ಒಂದೇ ಇರುವುದಿಲ್ಲವಲ್ಲ. ಬೆಳಗಿನ ಅಕ್ಕಿ ರೊಟ್ಟಿ, ಸಂತೆಯ ದಿನದ ಮಂಡಕ್ಕಿ-ಮಿರ್ಚಿ, ಸಂಜೆಯ ಅವಲಕ್ಕಿ, ಕುಚ್ಚಲಕ್ಕಿ ಅನ್ನ ನಿಮ್ಮ ಮೈಯಲ್ಲಿ ಏನು ಮಾಡುತ್ತವೆ ಎಂದು ಹೇಳುವ ಕೋಷ್ಟಕ ಯಾರ ಬಳಿಯೂ ಇಲ್ಲ.

ಸಿರಿಧಾನ್ಯದ ವಾದವನ್ನೂ ಇದೇ ಒರೆಗೆ ಹಚ್ಚಬಹುದು. 2023ರಲ್ಲಿ ಪದ್ಮಶ್ರೀ ಪಡೆದ ಮೈಸೂರಿನ ಡಾ. ಖಾದರ್ ವಲಿ ಅವರ ಉಪನ್ಯಾಸಗಳಿಂದಾಗಿ ನವಣೆ, ಸಾಮೆ, ಊದಲು, ಕೊರಲೆಗಳು ಮರೆತುಹೋಗಿದ್ದ ಅಡುಗೆಮನೆಗಳಿಗೆ ಮರಳಿವೆ. ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ ಇಕ್ರಿಸ್ಯಾಟ್ ಸಂಸ್ಥೆಯ ತಂಡ 2021ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ, ಸಿರಿಧಾನ್ಯ ತಿಂದ ಸಕ್ಕರೆ ಕಾಯಿಲೆಯವರ ಊಟದ ನಂತರದ ಶುಗರ್ ಸುಮಾರು 15 ಪ್ರತಿಶತ ಇಳಿದಿತ್ತು. 230 ಇದ್ದದ್ದು 195 ಆಗುವಷ್ಟು. ಲಾಭವಿದೆ, ಕಾಯಿಲೆ ಓಡಿಹೋಗುವಷ್ಟಿಲ್ಲ. ಅದೂ ಅನ್ನದ ಜಾಗದಲ್ಲಿ ಅಷ್ಟೇ ಪ್ರಮಾಣ ಅಥವಾ ಕಡಿಮೆ ತಿಂದರೆ. "ಸಿರಿಧಾನ್ಯ ತಾನೇ" ಎಂದು ಎರಡು ಪಟ್ಟು ಬಡಿಸಿಕೊಂಡರೆ ಜೋಳದ ರೊಟ್ಟಿಯ ಕಥೆಯೇ ಮರುಕಳಿಸುತ್ತದೆ. ಅದೇ ಧಾನ್ಯವನ್ನು ನುಣ್ಣಗೆ ಬೀಸಿ ಗಂಜಿ ಕಾಯಿಸಿ ಕುಡಿದರೆ ಇನ್ನೂ ಬೇಗ ಏರಬಹುದು. ಕಹಿ ಸಿಹಿಯನ್ನು ಕೊಲ್ಲುತ್ತದೆ ಎಂದು ಹಾಗಲಕಾಯಿ ರಸ ಕುಡಿಯುವವರು ಕುಡಿದ ದಿನ, ಕುಡಿಯದ ದಿನ ಎರಡೂ ಜೋಡಿ ಪರೀಕ್ಷೆ ಮಾಡಿ ನೋಡಲಿ.

ಏರನ್ನು ತಗ್ಗಿಸುವ, ದುಡ್ಡು ಬೇಡದ ಎರಡು ಉಪಾಯಗಳನ್ನು ಮೀಟರಿನಲ್ಲೇ ನೋಡಬಹುದು. ಒಂದು, ತಿನ್ನುವ ಕ್ರಮ. ತರಕಾರಿ ಮತ್ತು ಪ್ರೋಟೀನ್ ಮೊದಲು, ಪಿಷ್ಟ ಕೊನೆಗೆ ತಿಂದರೆ ಅದೇ ಊಟದ ಏರು ಗಣನೀಯವಾಗಿ ಕಡಿಮೆಯಾಗುತ್ತದೆ ಎಂದು ನ್ಯೂಯಾರ್ಕಿನ ಸಣ್ಣ ಅಧ್ಯಯನವೊಂದು 2015ರಲ್ಲಿ ತೋರಿಸಿತು. ಬಾಳೆ ಎಲೆಯ ಮೇಲೆ ಕೋಸಂಬರಿ, ಪಲ್ಯ ಮೊದಲು ಬಡಿಸುವುದು ನಮ್ಮ ಪದ್ಧತಿಯೇ. ಅನ್ನ ಬರುವವರೆಗೆ ಕಾಯುತ್ತಾ ಕೂರದೆ ಅವನ್ನು ಖಾಲಿ ಮಾಡಿದರಾಯಿತು. ಇನ್ನೊಂದು, ಊಟದ ನಂತರದ ನಡಿಗೆ. ನ್ಯೂಜಿಲೆಂಡಿನ ಅಧ್ಯಯನದಲ್ಲಿ ಪ್ರತಿ ಊಟದ ನಂತರ ಹತ್ತು ನಿಮಿಷ ನಡೆದವರ ರಾತ್ರಿ ಊಟದ ಏರು, ಯಾವಾಗಲೋ ಒಮ್ಮೆ ಅರ್ಧ ಗಂಟೆ ನಡೆದದ್ದಕ್ಕೆ ಹೋಲಿಸಿದರೆ, 22 ಪ್ರತಿಶತ ಕಡಿಮೆಯಿತ್ತು. ದುಡಿಯುವ ಸ್ನಾಯು ಇನ್ಸುಲಿನ್ನಿಗಾಗಿ ಕಾಯುವುದಿಲ್ಲ. ನೀರುಗಂಟಿಯ ಹಂಗಿಲ್ಲದೆ ತೆರೆಯುವ ಎರಡನೇ ತೂಬು ಅದು. ಟಿಲ್ಲರ್, ಕಟಾವು ಯಂತ್ರಗಳು ಬಂದು ಗದ್ದೆಯ ದುಡಿಮೆ ಇಳಿದ ಮೇಲೂ ಅನ್ನದ ಪ್ರಮಾಣ ಇಳಿಯದೆ ಉಳಿದ ಮನೆಗಳಲ್ಲಿ ಮುಚ್ಚಿಹೋದದ್ದು ಇದೇ ತೂಬು.

ಅಧಿಕೃತ ಸಲಹೆಯೂ ನಿಂತಲ್ಲೇ ನಿಂತಿಲ್ಲ

ಡಾಕ್ಟರರು ಪಥ್ಯದ ಬಗ್ಗೆ ಹೇಳುವುದು ಹಳೆಯ ಪಾಠ ಎನ್ನುವ ದೂರಿಗೆ ಒಂದು ಕಾಲದಲ್ಲಿ ಆಧಾರವಿತ್ತು, ಈಗ ಅಷ್ಟಿಲ್ಲ. ಅಮೆರಿಕದ ಡಯಾಬಿಟಿಸ್ ಸಂಘ 2019ರ ವರದಿಯಲ್ಲಿ, ಶುಗರ್ ಇಳಿಸಲು ಪಿಷ್ಟ ಕಡಿಮೆ ಮಾಡುವುದಕ್ಕೆ ಇರುವಷ್ಟು ಪುರಾವೆ ಬೇರೆ ಪಥ್ಯಗಳಿಗಿಲ್ಲ ಎಂದು ಒಪ್ಪಿತು. ನಮ್ಮ ದೇಶದಲ್ಲಿ 10 ಕೋಟಿಗೂ ಹೆಚ್ಚು ಜನರಿಗೆ ಸಕ್ಕರೆ ಕಾಯಿಲೆ ಇದೆ ಎಂದು 2023ರಲ್ಲಿ ತಿಳಿಸಿದ ಐಸಿಎಂಆರ್-ಇಂಡಿಯಾಬ್ ಸಮೀಕ್ಷೆ, 2025ರಲ್ಲಿ ಪ್ರಕಟಿಸಿದ ಆಹಾರದ ವಿಶ್ಲೇಷಣೆಯಲ್ಲಿ ಭಾರತೀಯರ ಕ್ಯಾಲರಿಯ 62 ಪ್ರತಿಶತ ಪಿಷ್ಟ, ಸಕ್ಕರೆಗಳಿಂದಲೇ ಬರುತ್ತದೆ ಎಂದಿತು. ಬಿಳಿ ಅಕ್ಕಿಯ ಬದಲು ಗೋಧಿಯನ್ನೋ ಸಿರಿಧಾನ್ಯದ ಹಿಟ್ಟನ್ನೋ ತಿಂದು, ಒಟ್ಟು ಮೊತ್ತ ಅಷ್ಟೇ ಉಳಿಸಿಕೊಂಡರೆ ಕಾಯಿಲೆಯ ಸಾಧ್ಯತೆ ತಗ್ಗುವುದಿಲ್ಲ ಎಂಬುದು ಅದರ ಇನ್ನೊಂದು ಮಾತು. ಕಟ್ಟೆಯ ಮೇಲಿನ ಮೊದಲ ದೂರಿಗೆ ದೇಶದ ಮಟ್ಟದಲ್ಲಿ ಸಿಕ್ಕ ಉತ್ತರವಿದು. 2024ರ ರಾಷ್ಟ್ರೀಯ ಆಹಾರ ಮಾರ್ಗಸೂಚಿ ಧಾನ್ಯಗಳಿಂದ ಬರುವ ಕ್ಯಾಲರಿ 45 ಪ್ರತಿಶತ ಮೀರದಿರಲಿ ಎಂದಿದೆ. ಉಳಿದ ಜಾಗಕ್ಕೆ ಬೇಳೆಕಾಳು, ಸೊಪ್ಪು, ಮೊಟ್ಟೆ, ಮೀನು, ಮಜ್ಜಿಗೆ.

ಕಾಲುವೆಯ ಹೂಳನ್ನೇ ತೆಗೆಯಬಹುದೇ? ಬ್ರಿಟನ್ನಿನ ರಾಯ್ ಟೇಲರ್ ಮತ್ತು ಮೈಕ್ ಲೀನ್ ತಂಡ 2017ರಲ್ಲಿ ತೋರಿಸಿದ್ದು ಅದನ್ನೇ. ಕಾಯಿಲೆ ಬಂದು ಆರು ವರ್ಷದೊಳಗಿದ್ದ, ಇನ್ಸುಲಿನ್ ಇಲ್ಲದ ರೋಗಿಗಳಿಗೆ ಮೂರರಿಂದ ಐದು ತಿಂಗಳು ದಿನಕ್ಕೆ ಸುಮಾರು 850 ಕ್ಯಾಲರಿಯಷ್ಟೇ ಕೊಟ್ಟು, ವೈದ್ಯರ ಕಣ್ಗಾವಲಿನಲ್ಲಿ ಔಷಧ ನಿಲ್ಲಿಸಿದರು. ವರ್ಷದ ಕೊನೆಗೆ 46 ಪ್ರತಿಶತ ಜನರ ಶುಗರ್ ಗುಳಿಗೆಯಿಲ್ಲದೆ ಕಾಯಿಲೆಯ ಮಟ್ಟದಿಂದ ಕೆಳಗಿತ್ತು. 15 ಕಿಲೋ ಅಥವಾ ಹೆಚ್ಚು ತೂಕ ಇಳಿಸಿದವರಲ್ಲಿ 86 ಪ್ರತಿಶತ. ತೂಕ ಮರಳಿದರೆ ಶುಗರ್ ಕೂಡ ಮರಳುತ್ತದೆ, ಎರಡನೇ ವರ್ಷಕ್ಕೆ ಆ 46 ಎನ್ನುವುದು 36ಕ್ಕೆ ಇಳಿದಿತ್ತು.

ಗುಳಿಗೆಗೂ ತಟ್ಟೆಗೂ ಜಗಳ ಬೀಳುವ ಜಾಗ

ಸ್ವಂತ ಪಥ್ಯ ಅಪಾಯವಾಗುವುದು ಇಲ್ಲಿ. ಗುಳಿಗೆಗಳೆಲ್ಲ ಒಂದೇ ಕೆಲಸ ಮಾಡುವುದಿಲ್ಲ. ಮೆಟ್‌ಫಾರ್ಮಿನ್ ಮುಖ್ಯವಾಗಿ ಮೇಲಿನ ಕೆರೆಯ ತೂಬನ್ನು ಬಿಗಿ ಮಾಡುತ್ತದೆ. ಪಿಷ್ಟ ಕಡಿಮೆ ಮಾಡಿದರೂ ಅದರಿಂದ ಶುಗರ್ ಕುಸಿಯುವ ಭಯ ಬಹಳ ಕಡಿಮೆ. ಗ್ಲಿಮೆಪಿರೈಡ್ ಹಾಗಲ್ಲ, ಮಳೆ ಬರಲಿ ಬಿಡಲಿ ನೀರುಗಂಟಿಯನ್ನು ಎಬ್ಬಿಸಿ ತೂಬು ಎತ್ತಿಸುತ್ತದೆ. ಅದನ್ನು ನುಂಗಿ, ಯಾರೋ ಹೇಳಿದರೆಂದು ಒಮ್ಮೆಲೇ ಅನ್ನ-ರೊಟ್ಟಿ ಬಿಟ್ಟರೆ ಕೆರೆ ಬತ್ತುತ್ತದೆ: ಬೆವರು, ಕೈನಡುಕ, ಎದೆಬಡಿತ, ತಲೆ ಮಂಕು. ಶುಗರ್ 70ಕ್ಕಿಂತ ಇಳಿದರೆ ತಕ್ಷಣ ಮೂರು ಚಮಚ ಸಕ್ಕರೆ ನೀರಿನಲ್ಲಿ ಕದಡಿ ಕುಡಿದು, ಕಾಲು ಗಂಟೆಗೆ ಮತ್ತೆ ನೋಡಬೇಕು. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಒಯ್ಯಬೇಕು. ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಈ ಎಚ್ಚರ ಇನ್ನೂ ಹೆಚ್ಚು ಬೇಕು.

ಡಾಪಾಗ್ಲಿಫ್ಲೋಜಿನ್ ಎಂಬ ಹೊಸ ಗುಳಿಗೆಯದು ಇನ್ನೊಂದು ಬಗೆ. ಅದು ಕೋಡಿಯನ್ನೇ ಕೆಳಕ್ಕೆ ಇಳಿಸುತ್ತದೆ, ಸಕ್ಕರೆ ಬೇಗ ಮೂತ್ರಕ್ಕೆ ಹರಿಯುತ್ತದೆ. ಭಾರತದಲ್ಲಿ 2020ರಲ್ಲಿ ಅದರ ಪೇಟೆಂಟ್ ಮುಗಿದು ಬೆಲೆ ಇಳಿದ ಮೇಲೆ ಹಳ್ಳಿಗಳಿಗೂ ಬಂದಿದೆ. ಹೃದಯಕ್ಕೂ ಮೂತ್ರಪಿಂಡಕ್ಕೂ ಒಳ್ಳೆಯದು. ಅದನ್ನು ನುಂಗುತ್ತಾ ಪಿಷ್ಟವನ್ನು ತೀರಾ ಬಿಟ್ಟರೆ, ಉಪವಾಸ ಮಾಡಿದರೆ, ಮೀಟರಿನಲ್ಲಿ ಶುಗರ್ ಹೆಚ್ಚು ಕಾಣದೆಯೇ ರಕ್ತ ಆಮ್ಲವಾಗುವ ಅಪಾಯ ಅಪರೂಪಕ್ಕಾದರೂ ಉಂಟು. ವಾಂತಿ, ಹೊಟ್ಟೆನೋವು, ಏದುಸಿರು ಬಂದರೆ ಮೀಟರ್ ನಂಬಿ ಮನೆಯಲ್ಲಿ ಕೂರಬಾರದು. ತಟ್ಟೆ ಬದಲಿಸುವ ಮುಂಚೆ ಗುಳಿಗೆಯ ಪಟ್ಟಿ ಹಿಡಿದು ಡಾಕ್ಟರ ಬಳಿ ಹೋಗಿ ಎನ್ನುವುದಕ್ಕೆ ಕಾರಣ ಇದು. ಗರ್ಭಿಣಿಯರು, ಮೂತ್ರಪಿಂಡದ ತೊಂದರೆ ಇರುವವರಂತೂ ಕೇಳದೆ ಏನನ್ನೂ ಬದಲಿಸಬಾರದು.

ಮೀಟರಿಗೆ ಕಾಣದ್ದು

ಮೂರನೇ ದೂರು ಬಾಕಿಯಿದೆ. ಗ್ಲೂಕೋಸ್ ರಕ್ತದ ಕೆಂಪುಕಣಗಳೊಳಗಿನ ಹಿಮೋಗ್ಲೋಬಿನ್ನಿಗೆ ಅಂಟಿಕೊಳ್ಳುತ್ತದೆ. ಕಣದ ಆಯುಸ್ಸು ಸುಮಾರು 120 ದಿನ. ಎಷ್ಟು ಅಂಟಿದೆ ಎಂದು ನೋಡಿದರೆ ಎರಡು ಮೂರು ತಿಂಗಳ ಸರಾಸರಿ ತಿಳಿಯುತ್ತದೆ, ನೀರಿನ ಮಟ್ಟ ಏರಿಯ ಕಲ್ಲಿನ ಮೇಲೆ ಗುರುತು ಬಿಟ್ಟ ಹಾಗೆ. ಇದೇ ಎಚ್‌ಬಿಎ1ಸಿ, ಮೂರು ತಿಂಗಳ ಟೆಸ್ಟ್. 7 ಎಂದರೆ ಸರಾಸರಿ 154, 8 ಎಂದರೆ 183. ಖಾಲಿ ಹೊಟ್ಟೆಯಲ್ಲಿ 118 ಇದ್ದವರಿಗೆ 8 ಬಂದರೆ, ಅವರ ಕೆರೆ ಊಟದ ನಂತರದ ತಾಸುಗಳಲ್ಲಿ, ಅವರು ನೋಡದ ಹೊತ್ತಿನಲ್ಲಿ, ಕೋಡಿ ಹರಿಯುತ್ತಿತ್ತು ಎಂದೇ ಸಾಮಾನ್ಯ ಅರ್ಥ. ಈ ಪರೀಕ್ಷೆಗೂ ಒಂದು ದೋಷವಿದೆ. ಕಬ್ಬಿಣಾಂಶದ ಕೊರತೆಯಿಂದ ರಕ್ತ ಕಡಿಮೆಯಿರುವವರಲ್ಲಿ ಅದು ನಿಜಕ್ಕಿಂತ ಹೆಚ್ಚು ತೋರಿಸಬಹುದು. ನಮ್ಮ ಹೆಣ್ಣುಮಕ್ಕಳಲ್ಲಿ ಈ ಕೊರತೆ ಸಾಮಾನ್ಯ. ಆಗ ಜೋಡಿ ಪರೀಕ್ಷೆಯ ಪುಸ್ತಕವೇ ಡಾಕ್ಟರಿಗೆ ಸಾಕ್ಷಿ.

ಇನ್ನು ಮೀಟರ್ ಎಂದೂ ತೋರಿಸದ ಸಂಗತಿಗಳಿವೆ: ಬಿ.ಪಿ., ಕೊಲೆಸ್ಟರಾಲ್, ಕಣ್ಣಿನ ಹಿಂಪೊರೆಯಲ್ಲಿ ಸೋರುವ ರಕ್ತನಾಳ, ಮೂತ್ರದಲ್ಲಿ ಪ್ರೋಟೀನ್, ಮುಳ್ಳು ಚುಚ್ಚಿದರೂ ಗೊತ್ತಾಗದ ಅಂಗಾಲು. ಬರಿಗಾಲಲ್ಲಿ ಗದ್ದೆ, ತೋಟಕ್ಕೆ ಇಳಿಯುವವರಿಗೆ ಕೊನೆಯದು ಸಣ್ಣ ಮಾತಲ್ಲ. ಶುಗರ್ ಚೆನ್ನಾಗಿದೆಯೆಂದು ಇವನ್ನು ಬಿಡುವಂತಿಲ್ಲ. 30 ದಾಟಿದವರ ತಪಾಸಣೆಗೆ ಆಶಾ ಕಾರ್ಯಕರ್ತೆಯರು ಮನೆಗೆ ಬರುತ್ತಾರೆ. ತಾಲ್ಲೂಕು ಆಸ್ಪತ್ರೆಗಳಲ್ಲಿ ಎನ್‌ಸಿಡಿ (ಅಸಾಂಕ್ರಾಮಿಕ ಕಾಯಿಲೆಗಳ) ಕ್ಲಿನಿಕ್, ಅದಕ್ಕೂ ಮೀರಿದ್ದಕ್ಕೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆ ಇವೆ. ವರ್ಷಕ್ಕೊಮ್ಮೆ ಕಣ್ಣು, ಪಾದ, ಮೂತ್ರದ ಪರೀಕ್ಷೆ ಅಧಿಕೃತ ಸಲಹೆಯ ಅತ್ಯಂತ ಬೆಲೆಬಾಳುವ ಭಾಗ. ಅದಕ್ಕೆ ಮನೆಮದ್ದಿನಲ್ಲಿ ಬದಲಿಯಿಲ್ಲ.

ಹಾಗಾಗಿ ಎರಡು ಪಕ್ಷಗಳ ಜಗಳಕ್ಕೆ ನಿಜವಾದ ಕಾರಣ, ಒಬ್ಬರು ಈ ಹೊತ್ತಿನ ತಟ್ಟೆ ನೋಡುತ್ತಿದ್ದಾರೆ, ಇನ್ನೊಬ್ಬರು ಹತ್ತು ವರ್ಷದ ನಂತರದ ಕಣ್ಣು, ಕಾಲು, ಮೂತ್ರಪಿಂಡ ನೋಡುತ್ತಿದ್ದಾರೆ. ಎಂಟು ತಾಸು ಸರತಿಯಲ್ಲಿ ರೋಗಿಗಳನ್ನು ನೋಡುವ ಡಾಕ್ಟರಿಗೆ ನಿಮ್ಮ ಅಡುಗೆಮನೆ ಕಾಣುವುದಿಲ್ಲ. ಅದನ್ನು ಕಾಣಿಸುವ ಕೆಲಸ ರೋಗಿಯದು. ಮುಂದಿನ ಸಲ ಆಸ್ಪತ್ರೆಗೆ ಹೋಗುವ ಮುಂಚಿನ ಮೂರು ದಿನ ಜೋಡಿ ಪರೀಕ್ಷೆ ಮಾಡಿ. ಪಕ್ಕದಲ್ಲಿ ತಿಂದದ್ದನ್ನು ಅಳತೆಯ ಸಮೇತ ಬರೆಯಿರಿ: ಎಷ್ಟು ರೊಟ್ಟಿ, ಎಷ್ಟು ಸೌಟು ಅನ್ನ. "ಶುಗರ್ ಜಾಸ್ತಿ ಇದೆ, ಏನು ಮಾಡಲಿ?" ಎಂದು ಕೇಳಿದರೆ ಇನ್ನೊಂದು ಗುಳಿಗೆ ಸೇರುವ ಸಂಭವವೇ ಹೆಚ್ಚು. "ಬೆಳಿಗ್ಗೆ ಸರಿಯಿದೆ, ರಾತ್ರಿ ಊಟದ ಮೇಲೆ ನೂರು ಏರುತ್ತದೆ, ಅನ್ನ ಅರ್ಧ ಮಾಡುತ್ತೇನೆ, ಈ ಗುಳಿಗೆ ಹಾಗೇ ಇರಲೋ ಕಡಿಮೆ ಮಾಡಬೇಕೋ?" ಎಂದು ಕೇಳಿದರೆ ಡಾಕ್ಟರ್ ತಲೆಯೆತ್ತಿ ಆ ಹಾಳೆಯನ್ನು ನೋಡಲೇಬೇಕಾಗುತ್ತದೆ.